ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಬಗ್ಗೆ
ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗಲು ಕಬ್ಬಿಣದ ಈಳಿಗೆಮಣೆ ಕಾರಣವೇ, ಅದನ್ನು ತಿನ್ನಬಹುದೇ ಎಂದು ಕೇಳಿದ್ದೀರಿ. ಮುಖ್ಯ ಕಾರಣ ಗಾಳಿಯಲ್ಲಿರುವ ಆಮ್ಲಜನಕ. ಕಾಯಿಯನ್ನು ಹೆಚ್ಚಿದಾಗ ಜೀವಕೋಶಗಳು ಒಡೆದು, ಅದುವರೆಗೆ ಬೇರೆಬೇರೆಯಾಗಿದ್ದ ಕ್ಲೋರೋಜೆನಿಕ್ ಆಮ್ಲದಂತಹ ಫೀನಾಲ್‌ಗಳೂ (ಕಾಯಿಯಲ್ಲಿ ಸಹಜವಾಗಿರುವ ಒಂದು ಬಗೆಯ ರಾಸಾಯನಿಕಗಳು) ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಒಂದುಗೂಡುತ್ತವೆ. ಆ ಕಿಣ್ವದ ನೆರವಿನಿಂದ ಫೀನಾಲ್‌ಗಳು ಆಮ್ಲಜನಕದೊಡನೆ ವರ್ತಿಸಿ ಕ್ವಿನೋನ್‌ಗಳೆಂಬ ಬೇರೆ ಸಂಯುಕ್ತಗಳಾಗಿ, ಅವು ಒಂದಕ್ಕೊಂದು ಬೆಸೆದುಕೊಂಡು ಕಂದು ವರ್ಣದ್ರವ್ಯವಾಗುತ್ತವೆ. ಹಾಗೆಂದು ಈಳಿಗೆಯ ಪಾತ್ರ ಇಲ್ಲವೇ ಇಲ್ಲವೆಂದಲ್ಲ: ತುಕ್ಕು ಹಿಡಿದ ಅಲಗಿನ ಕಬ್ಬಿಣವು ಅದೇ ಫೀನಾಲ್‌ಗಳೊಂದಿಗೆ ಕೂಡಿ ಬಣ್ಣವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಹೋಳುಗಳನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಗಾಳಿಯ ಸಂಪರ್ಕ ತಗ್ಗುತ್ತದೆ. ಆ ನೀರಿಗೆ ತುಸು ಹುಳಿಮಜ್ಜಿಗೆ ಬೆರೆಸಿದರೆ ಕಿಣ್ವದ ಚಟುವಟಿಕೆಯೂ ಕುಂದುತ್ತದೆ (ಬಾಳೆಕಾಯಿಗೂ ಬಾಳೆದಿಂಡಿಗೂ ಮಜ್ಜಿಗೆನೀರು ಬಳಸುವುದು ಇದಕ್ಕಾಗಿಯೇ). ಬರಿದೇ ಕಂದಾದ ಹೋಳನ್ನು ಧಾರಾಳವಾಗಿ ಬೇಯಿಸಿ ತಿನ್ನಬಹುದು. ಲೋಳೆಗಟ್ಟಿ ವಾಸನೆ ಬಂದಿದ್ದರೆ ಮಾತ್ರ ಎಸೆಯಿರಿ.