ಮಾಕುಟ್ಟ ಗೇಟಿನಲ್ಲಿ ತಳಿ ಕೇಳುವವರಿಲ್ಲ

ಕೊಡಗಿನಲ್ಲಿ ಬಿಟಿ ಹತ್ತಿ ಬೆಳೆಯುವುದಿಲ್ಲವಲ್ಲ, ಕುಲಾಂತರಿ (ಬೇರೆ ಜೀವಿಯ ಜೀನು ಸೇರಿಸಿದ) ಬೆಳೆ, ಜೀನ್ ತಿದ್ದಿದ ಬೆಳೆಗಳ ಕಾನೂನಿನ ಉಸಾಬರಿ ನಿಮಗೇಕೆ ಎಂದು ಕೇಳಿದ್ದೀರಿ. ಹತ್ತಿ ಇಲ್ಲ, ನಿಜ. ಆದರೆ ಇಲ್ಲಿ ನೆಡುವುದು ಎಲ್ಲಿಂದ, ಹೇಗೆ ಬರುತ್ತದೆ ಎಂದು ಗೊತ್ತಾದರೆ ಆ ಪ್ರಶ್ನೆ ಬೇರೆಯಾಗಿ ಕಾಣುತ್ತದೆ.

ಕಾಳುಮೆಣಸು ನೋಡಿ. ತೋಟತೋಟಗಳಲ್ಲಿ ಹಬ್ಬಿರುವ ಪನ್ನಿಯೂರು-1 ಬಂದದ್ದು ಘಾಟಿಯ ಕೆಳಗಿನ ಕಣ್ಣೂರು ಜಿಲ್ಲೆಯ ಪನ್ನಿಯೂರಿನಿಂದ, ಬಿಡುಗಡೆಯಾದದ್ದು 1971ರಲ್ಲಿ. ಆಮೇಲೆ ಬಳ್ಳಿ ಕತ್ತರಿಸಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟದ್ದೇ. ಗದ್ದೆಯಲ್ಲಿ ತುಂಗಾ, ಇಂಟಾನ್ ಜತೆಗೆ ಬೆಳೆಯುವ ಅತಿರ ಕೂಡ ಕೇರಳದ ಭತ್ತ. ಶುಂಠಿ ಹಾಕಲು ವಯನಾಡಿನ ಕಡೆಯಿಂದ ಬಂದು ಗದ್ದೆ ಗುತ್ತಿಗೆ ಹಿಡಿಯುವವರು ಬೀಜಗೆಡ್ಡೆಯನ್ನೂ ತರುತ್ತಾರೆ. ಎಕರೆಗೆ ಸುಮಾರು 600 ಕೆ.ಜಿ., ಅಂದರೆ 60 ಕೆ.ಜಿ.ಯ ಹತ್ತು ಚೀಲ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಗೆಡ್ಡೆಯೊಳಗೆ ಬ್ಯಾಕ್ಟೀರಿಯಾ ಸೊರಗು ರೋಗ ಕೂತು ಬರುವುದು ಈ ದಾರಿಯಲ್ಲೇ. ಕೇರಳ ಗಡಿಯ ಮಾಕುಟ್ಟ, ಕುಟ್ಟ, ಕರಿಕೆ, ಯಾವ ಗೇಟಿನ ಕಡೆಯಿಂದ ಬಂದರೂ ಚೀಲದಲ್ಲಿರುವುದು ಯಾವ ತಳಿ ಎಂದು ಕೇಳುವವರಿಲ್ಲ. ರೋಗಾಣುವನ್ನೇ ತಡೆಯಲಾಗದ ಗೇಟು ಜೀನನ್ನು ತಡೆಯುತ್ತದೆಯೇ?

ಈಗ ಕಾನೂನು. ಕುಲಾಂತರಿಗೆ ಅನ್ವಯಿಸುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳು. ಸಂಸ್ಥೆಯ ಮಟ್ಟದ ಜೈವಿಕ ಸುರಕ್ಷತಾ ಸಮಿತಿ, ಅದರ ಮೇಲೆ ಜೈವಿಕ ತಂತ್ರಜ್ಞಾನ ಇಲಾಖೆಯ ಪರಿಶೀಲನಾ ಸಮಿತಿ ಆರ್‌ಸಿಜಿಎಂ, ಕೊನೆಗೆ ಪರಿಸರ ಸಚಿವಾಲಯದ ಮೌಲ್ಯಮಾಪನ ಸಮಿತಿ ಜಿಇಎಸಿ. ಹೊಲದ ಪ್ರಯೋಗ ಮೊದಲ ಹಂತದಲ್ಲಿ ಒಂದು ಜಾಗಕ್ಕೆ ಒಂದು ಎಕರೆ ಮೀರುವಂತಿಲ್ಲ, ಎರಡನೆಯದರಲ್ಲಿ ಎರಡೂವರೆ. ಪ್ರಯೋಗಕ್ಕೆ ರಾಜ್ಯದ ನಿರಾಕ್ಷೇಪಣೆಯೂ ಬೇಕು. ಕೇರಳ ಒಪ್ಪಲಿಲ್ಲ, ಹಾಗಾಗಿ ಕೋಟ್ಟಯಂ ಬಳಿ ತಯಾರಾದ ಕುಲಾಂತರಿ ರಬ್ಬರ್ ಗಿಡವನ್ನು 2021ರ ಜೂನ್‌ನಲ್ಲಿ ನೆಟ್ಟದ್ದು ದೂರದ ಗುವಾಹಟಿ ಹತ್ತಿರ. ಒಂದು ರಾಜ್ಯದ 'ಬೇಡ' ಎಂಬ ಮಾತು ಪ್ರಯೋಗದ ತಾಕಿಗೆ ಬೇಲಿಯಾಗಬಲ್ಲದು. ಮಾರಾಟವಾದ ಸಸಿಗೆ ಆಗದು. ಗುಜರಾತಿನ ಹೊಲಗಳಲ್ಲಿ ಅನುಮತಿಯಿಲ್ಲದ ಬಿಟಿ ಹತ್ತಿ ಸಿಕ್ಕಿದ್ದು 2001ರಲ್ಲಿ, ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ.

ಜೀನ್ ತಿದ್ದುಪಡಿಯ ಲೆಕ್ಕ ಬೇರೆ. ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸಿ, ಕೋಶ ತಾನೇ ಬೆಸೆದುಕೊಳ್ಳಲು ಬಿಟ್ಟರೆ ಅದರ ಸಂಕೇತದ ಕೆಲವು ಅಕ್ಷರ ಅಳಿಸಿಹೋಗುತ್ತವೆ, ಇದು ಎಸ್‌ಡಿಎನ್-1. ಸಣ್ಣದೊಂದು ಮಾದರಿ ಕೊಟ್ಟು ಅದರಂತೆ ತಿದ್ದಿಸಿದರೆ ಎಸ್‌ಡಿಎನ್-2. ಹೊರಗಿನ ಇಡೀ ಜೀನನ್ನೇ ತಂದು ಕೂರಿಸಿದರೆ ಎಸ್‌ಡಿಎನ್-3, ಅದು ಕುಲಾಂತರಿಯ ಹಳೇ ದಾರಿಯಲ್ಲೇ ಹೋಗಬೇಕು. ಮೊದಲೆರಡಕ್ಕೆ 2022ರ ಮಾರ್ಚ್ 30ರಂದು ಕೇಂದ್ರ ಸರ್ಕಾರ 1989ರ ನಿಯಮಗಳ 7ರಿಂದ 11ರವರೆಗಿನ ಕಟ್ಟುಪಾಡು ಸಡಿಲಿಸಿತು. ಷರತ್ತು ಒಂದೇ: ಕೊನೆಯ ಗಿಡದಲ್ಲಿ ಹೊರಗಿನ ಡಿಎನ್‌ಎ ಉಳಿದಿರಬಾರದು. 2025ರ ಮೇನಲ್ಲಿ ಪ್ರಕಟಿಸಿದ ಎರಡು ಭತ್ತ, ಸಾಂಬಾ ಮಸೂರಿಯಿಂದ ಬಂದ 'ಕಮಲಾ' ಮತ್ತು ಎಂಟಿಯು 1010ರಿಂದ ಬಂದ 'ಪೂಸಾ ಡಿಎಸ್‌ಟಿ ರೈಸ್ 1', ಈ ದಾರಿಯಲ್ಲಿ ಬಂದವು.

ಭತ್ತಕ್ಕೆ ಈ ಷರತ್ತು ಸಲೀಸು. ಕತ್ತರಿಸುವ ಪ್ರೋಟೀನಾದ ಕ್ಯಾಸ್9ರ ಜೀನನ್ನು ಮೊದಲು ಗಿಡದೊಳಗೆ ಸೇರಿಸುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯಬೇಕು. ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆ. ಆ ಜೀನು ಒಂದೇ ಕಡೆ ಕೂತಿದ್ದರೆ ಮುಂದಿನ ಪೀಳಿಗೆಯ ನಾಲ್ಕು ಸಸಿಗಳಲ್ಲಿ ಒಂದರಲ್ಲಿ ಅದು ಇರುವುದಿಲ್ಲ. ಆ ಸಸಿ ಆರಿಸಿಕೊಂಡರಾಯಿತು. ಕಾಫಿಗೆ ಬನ್ನಿ. ಅರೇಬಿಕಾ ಕೂಡ ಸ್ವಕೀಯವೇ, ಆದರೆ ಒಂದು ಪೀಳಿಗೆಗೆ ಮೂರು ನಾಲ್ಕು ವರ್ಷ. ರೊಬಸ್ಟಾ ತನ್ನದೇ ಪರಾಗ ಒಪ್ಪುವುದಿಲ್ಲ, ಬೇರೆ ಗಿಡದ ಜತೆಯೇ ಕೂಡಬೇಕು; ಕೂಡಿದರೆ ಹುಟ್ಟುವುದು ನೀವು ಮೆಚ್ಚಿ ತಿದ್ದಿದ ಆ ತಾಯಿಗಿಡವಲ್ಲ, ಬೇರೆಯೇ ಗಿಡ. ಶುಂಠಿಯಂತೂ ಬೀಜವನ್ನೇ ಕಟ್ಟುವುದಿಲ್ಲ. ಹೊರಗಿನ ಡಿಎನ್‌ಎ ಸೇರಿಸದೆ ಬರೀ ಪ್ರೋಟೀನನ್ನು ಕೋಶಕ್ಕೆ ತೂರಿಸಿ ತಿದ್ದುವ ವಿಧಾನ ಇದೆ, ಆದರೆ ಹಾಗೆ ತಿದ್ದಿದ ಒಂಟಿ ಕೋಶದಿಂದ ಇಡೀ ಗಿಡ ಎಬ್ಬಿಸುವುದು ಬಹಳ ಕಷ್ಟದ ಕೆಲಸ. ಹಾಗಾಗಿ 'ಹೊರಗಿನ ಡಿಎನ್‌ಎ ಇಲ್ಲ' ಎಂಬ ಒಂದು ಸಾಲಿನ ಪ್ರಮಾಣಪತ್ರ ಬಹುವಾರ್ಷಿಕ ಬೆಳೆಗೆ ಸಾಲದು. ಇಡೀ ಜೀನೋಮ್ ಓದಿದ ದಾಖಲೆ ಬೇಕು, ತಯಾರಿಸಿದವರಲ್ಲದ ಬೇರೊಂದು ಪ್ರಯೋಗಾಲಯ ಅದನ್ನು ನೋಡಿರಬೇಕು. ಅಮೆರಿಕದಲ್ಲಿ ತಿದ್ದುಪಡಿಯಿಂದ ಹುಟ್ಟಿದ ಕೊಂಬಿಲ್ಲದ ಹೋರಿಯಲ್ಲಿ ಆ್ಯಂಟಿಬಯೋಟಿಕ್ ನಿರೋಧಕ ಜೀನಿನ ತುಣುಕು ಉಳಿದಿತ್ತು. ತಯಾರಿಸಿದವರ ಕಣ್ಣಿಗೆ ಬೀಳದ್ದು 2019ರಲ್ಲಿ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಿಜ್ಞಾನಿಗಳಿಗೆ ಕಂಡಿತು.

ಇಷ್ಟೆಲ್ಲ ಏಕೆಂದರೆ ತಪ್ಪಿನ ಆಯಸ್ಸೂ ಬೆಳೆಯ ಆಯಸ್ಸೂ ಒಂದೇ. ಭತ್ತದಲ್ಲಾದ ತಪ್ಪು ಹುತ್ತರಿ ಕಳೆಯುವ ಹೊತ್ತಿಗೆ ಕಣಜ ಸೇರುತ್ತದೆ, ಮುಂದಿನ ವರ್ಷ ಬೀಜ ಬದಲಿಸಬಹುದು. ರೊಬಸ್ಟಾ ನೆಟ್ಟರೆ ನಲವತ್ತು ವರ್ಷ ಅಲ್ಲೇ ನಿಂತಿರುತ್ತದೆ. ಒಂದೂವರೆ ಇಂಚು ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಅರಳಿ ಊರಿಗೆ ಊರೇ ಬೆಳ್ಳಗಾಗುತ್ತದಲ್ಲ, ಆಗ ಗಾಳಿ, ಹೆಜ್ಜೇನು, ತುಡುವೆ ಯಾವ ತೋಟದ ಪರಾಗ ಎಲ್ಲಿಗೆ ಒಯ್ದವೋ ಯಾರು ಬಲ್ಲರು. ಪಕ್ಕದ ತೋಟದ ಗಿಡ ಬದಲಾಗುವುದಿಲ್ಲ, ಅದರ ಬೀಜದಲ್ಲಿ ಮಾತ್ರ ಬೆರಕೆ ಇರುತ್ತದೆ. ಹುರಿಯುವ ಕಾಫಿಬೀಜ ಅದೇ, ಎಸ್.274 ಎಂಬ ರೊಬಸ್ಟಾ ತಳಿಯ ಸಸಿ ಮಾಡಲು ಬಿತ್ತುವುದೂ ಅದೇ. ಬಿತ್ತನೆ ಬೀಜ ಆಯುವ ತೋಟಕ್ಕೆ ಅಂತರ ನಿಗದಿಯಾಗಬೇಕಾದದ್ದು ಇದಕ್ಕಾಗಿ.

ಪರೀಕ್ಷೆ ಮಾಡಿ ಹಿಡಿಯಬಹುದಲ್ಲ ಎನ್ನುತ್ತೀರಿ. ಬಿಟಿ ಹತ್ತಿಯಾದರೆ ಎಲೆ ಅರೆದು ಪರೀಕ್ಷೆಯ ಪಟ್ಟಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಎಸ್‌ಡಿಎನ್-1ರಲ್ಲಿ ಎರಡು ಅಕ್ಷರ ಅಳಿಸಿದ್ದು ಎಲ್ಲಿ ಎಂದು ಮೊದಲೇ ತಿಳಿದಿದ್ದರೆ ಕಾಣುತ್ತದೆ. ಆದರೆ ಅದು ಕತ್ತರಿಯ ಕೆಲಸವೋ ತಾನಾಗಿ ಆದದ್ದೋ ಎಂದು ಪ್ರಯೋಗಾಲಯ ಹೇಳಲಾರದು. ಆದ್ದರಿಂದ ಹಿಡಿಯುವ ದಾರಿ ಕಾಗದವೊಂದೇ: ಯಾವ ಜೀನಿನಲ್ಲಿ ಏನು ಬದಲಾಗಿದೆ ಎಂದು ಎಲ್ಲರೂ ನೋಡಬಹುದಾದ ನೋಂದಣಿ, ಅದರ ಸಂಖ್ಯೆ ಪ್ರತಿ ಸಸಿಚೀಲದ ಮೇಲೆ. 1966ರ ಬೀಜ ಕಾಯ್ದೆಯ ಪ್ರಕಾರ ಆಹಾರ ಬೆಳೆಗಳ ಗೆಡ್ಡೆ, ತುಂಡು, ಕಸಿ ಎಲ್ಲವೂ 'ಬೀಜ'ವೇ. ಆದರೆ ತಳಿಯ ವಿವರದ ಚೀಟಿ ಅಂಟಿಸುವುದು ಕಡ್ಡಾಯ ಇರುವುದು ಸರ್ಕಾರ ಅಧಿಸೂಚಿಸಿದ ತಳಿಗಳಿಗೆ ಮಾತ್ರ. ಆ ಕಿಂಡಿ ಮುಚ್ಚಬೇಕು. ಸಸಿ ಮಾರುವ ನರ್ಸರಿಗೆ ನೋಂದಣಿ, ತಾಯಿಬಳ್ಳಿಯ ದಾಖಲೆ ಪುಸ್ತಕ, ಖರೀದಿಸಿದವರ ಊರು ತೋಟದ ವಿವರ ಕಡ್ಡಾಯವಾಗಲಿ. ನೆರೆಮನೆಯವರಿಗೆ ಬಳ್ಳಿ ಕೊಡುವವರನ್ನು ಇದಕ್ಕೆ ಎಳೆಯಬೇಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಬ್ರಾಂಡ್ ಹಾಕದ ಬೀಜವನ್ನು ಉಳಿಸಿ, ಹಂಚಿ, ಮಾರಲೂ ರೈತನಿಗೆ ಹಕ್ಕು ಕೊಟ್ಟಿದೆ. ತಿದ್ದಿದ ತಳಿಯ ಮೇಲೆ ಪೇಟೆಂಟ್ ಇದೆ ಎಂದು ಈ ಹಕ್ಕನ್ನು ಕಿತ್ತುಕೊಳ್ಳುವಂತಾಗಬಾರದು.

ಕಾಫಿ ಕೊಳ್ಳುವವರ ಮನಸ್ಸೂ ನೋಡಬೇಕು. ಇಲ್ಲಿನ ಕಾಫಿ ಬಹಳಷ್ಟು ಯುರೋಪಿಗೆ ಹೋಗುತ್ತದೆ. ಜೀನ್ ತಿದ್ದಿದ್ದೂ ಕುಲಾಂತರಿಯೇ ಎಂದು 2018ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು. ಸಣ್ಣ ತಿದ್ದುಪಡಿಗೆ ರಿಯಾಯಿತಿ ಕೊಡೋಣ ಎಂದು 2023ರಲ್ಲಿ ಐರೋಪ್ಯ ಒಕ್ಕೂಟದ ಆಯೋಗವೇ ಪ್ರಸ್ತಾಪಿಸಿತು. ಅಲ್ಲಿ ನಿಯಮ ಯಾವ ಕಡೆ ವಾಲಿದರೂ, ಕೊಳ್ಳುವವರು 'ಇದು ಯಾವ ಗಿಡದ್ದು' ಎಂದು ಕೇಳಿದಾಗ ಸಸಿ ಎಲ್ಲಿಂದ ಬಂತೆಂದು ಬರೆದಿಟ್ಟ ತೋಟದ ಪುಸ್ತಕ ತೆಗೆದು ತೋರಿಸುವಂತಿರಬೇಕು. ಇಂದು ಕುಶಾಲನಗರದ ಸಂತೆಯಲ್ಲಿ ಕೊಂಡ ಸಸಿಗೆ ಆ ಪುಸ್ತಕ ಇಲ್ಲ.