ಥಾಯ್ಲೆಂಡ್ ಬೆಟ್ಟದ ಇಡಿ ಎಲೆಯ ಊಲಾಂಗ್ ಚಹಾ ಮನೆಯಲ್ಲಿ ಮಾಡಿದರೆ ಕಹಿಯಾಗುವುದೇಕೆ?

ಚಹಾಪುಡಿಯಂತೆ ಒಲೆಯ ಮೇಲೆ ಕುದಿಸುವುದರಿಂದ. ಈ ಎಲೆಯನ್ನು ಬಿಸಿನೀರಿನಲ್ಲಿ ಸ್ವಲ್ಪವೇ ಹೊತ್ತು ನೆನೆಸಿ, ಆ ನೀರನ್ನು ಪೂರ್ತಿ ಲೋಟಕ್ಕೆ ಬಸಿದುಕೊಳ್ಳಬೇಕು.

ಚಿಯಾಂಗ್ ರಾಯ್ ಪ್ರಾಂತ್ಯದ ದೋಯ್ ಮೇ ಸಲೋಂಗ್ ಬೆಟ್ಟದಲ್ಲಿ ಹೆಸರಾದದ್ದು ತೈವಾನ್ ಮೂಲದ ಜಿನ್ ಶುವಾನ್ ತಳಿಯ ಊಲಾಂಗ್. ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನದು. ಇಡೀ ಎಲೆಯನ್ನು ಕಾಳುಮೆಣಸಿಗಿಂತ ತುಸು ದಪ್ಪನೆಯ ಉಂಡೆಯಾಗಿ ಬಿಗಿದು ಸುತ್ತಿರುತ್ತಾರೆ. ನೆನೆದಾಗ ಪರಿಮಳ, ಸಿಹಿ ಬೇಗ ಬರುತ್ತವೆ. ಬಾಯಿ ಒಗರಾಗಿಸುವ ಟ್ಯಾನಿನ್ ನಿಧಾನ. ನೀರು ಬಿಸಿಯಾದಷ್ಟೂ, ಹೊತ್ತು ಕಳೆದಷ್ಟೂ ಅದು ಹೆಚ್ಚುತ್ತದೆ.

150 ಮಿಲಿ ಹಿಡಿಸುವ ಪಾತ್ರೆಗೆ 5 ಗ್ರಾಂ ಎಲೆ ಸಾಕು, ಅಂದರೆ ಹೆಚ್ಚುಕಮ್ಮಿ ಎರಡು ಟೀ ಚಮಚ. ಕಣ್ಣಿಗೆ ಕಡಿಮೆ ಅನಿಸಿದರೂ ಮತ್ತೆ ಹಾಕಬೇಡಿ, ಅರಳಿದರೆ ಪಾತ್ರೆ ತುಂಬುತ್ತದೆ. ಪಾತ್ರೆಯನ್ನು ಮೊದಲು ಬಿಸಿನೀರಿನಿಂದ ತೊಳೆದುಕೊಳ್ಳಿ. ಕುದಿದ ನೀರನ್ನು ಒಂದು ನಿಮಿಷ ಆರಲು ಬಿಟ್ಟು, 90–95 ಡಿಗ್ರಿಯಲ್ಲಿ ಎಲೆಗೆ ಸುರಿದು ಮುಚ್ಚಿಡಿ. ಮೊದಲ ಸಲ 45 ಸೆಕೆಂಡು. ಎರಡನೆಯ ಸಲಕ್ಕೆ ಉಂಡೆ ಬಿಚ್ಚಿಕೊಂಡಿರುವುದರಿಂದ 30 ಸಾಕು. ಆಮೇಲೆ ಪ್ರತಿ ಸಲ 15 ಸೆಕೆಂಡು ಹೆಚ್ಚಿಸಿ. ಅದೇ ಎಲೆ ನಾಲ್ಕೈದು ಸಲಕ್ಕೆ ಬರುತ್ತದೆ.

ಹೆಚ್ಚಿನವರು ಎಡವುವುದು ಬಸಿಯುವಲ್ಲಿ. ತಳದಲ್ಲಿ ಎರಡು ಚಮಚ ನೀರು ಉಳಿದರೂ ಎಲೆ ಅದರಲ್ಲಿ ನೆನೆಯುತ್ತಲೇ ಇದ್ದು, ಮುಂದಿನ ಲೋಟ ಕಹಿಯಾಗುತ್ತದೆ. ಎಲೆ ತುಂಬಿ ನೀರಿಗೆ ಇಳಿಬಿಡುವ, ಸರಪಳಿಯಿರುವ ಪುಟ್ಟ ಜಾಲರಿ ಉಂಡೆಯೂ ಬೇಡ, ಅದರೊಳಗೆ ಎಲೆ ಅರಳಲು ಜಾಗವಿಲ್ಲ. ಹಾಲಂತೂ ಬೇಡವೇ ಬೇಡ. ಇದರ ನಯವಾದ ಪರಿಮಳ ಅದರಲ್ಲಿ ಮುಳುಗಿಹೋಗುತ್ತದೆ.