ತಮ್ಮ, ಬರುವಾಗ ಉಸ್ತಾದರ ಕಾಗದ ತಾ

ನಿನ್ನ ಪತ್ರ ಎರಡು ಸಲ ಓದಿದೆ ತಮ್ಮ. ಚನ್ನಪಟ್ಟಣದಲ್ಲಿ ಒಂಬತ್ತು ವರ್ಷ ಲೇತಿನ ಮುಂದೆ ಕೂತಿದ್ದೀಯ. ಈಗ ಜರ್ಮನಿಯ ಒಂದು ಗೊಂಬೆ ಕಾರ್ಖಾನೆ ಕರೆದಿದೆ. "ಅಣ್ಣಾ, ಎರಡು ವರ್ಷ ಅಲ್ಲಿ ದುಡಿದು ಆಮೇಲೆ ನನ್ನದೇ ಅಂಗಡಿ ಹಾಕಬಹುದಾ? ಚಳಿ ಹೇಗೆ, ಬಾಡಿಗೆ ಎಷ್ಟು, ಕಸುಬುದಾರರ ಸಂಘ ಅಂತ ಏನಾದರೂ ಇದೆಯಾ?" ಅಂತ ಕೇಳಿದ್ದೀಯ.

ಚಳಿಗೆ ಬೂಟು, ಜರ್ಕಿನ್ ಇಲ್ಲಿಗೆ ಬಂದೇ ತಗೋ, ಅಲ್ಲಿಯದು ತಡೆಯಲ್ಲ. ಬಾಡಿಗೆ ನಾನಿರುವ ಬೆಟ್ಟದ ಕಡೆ ಇಲ್ಲಿನ ದೊಡ್ಡ ಊರುಗಳಿಗಿಂತ ಕಡಿಮೆ. ಭಾಷೆ ಈಗಿನಿಂದಲೇ ಕಲಿ. ಇಷ್ಟು ಸಾಕು. ನಿನಗೆ ನಿಜವಾಗಿ ಬೇಕಾದ್ದು ಸಂಘದ ಪ್ರಶ್ನೆಯಲ್ಲೇ ಇದೆ.

ನಾನು ಬಂದಿದ್ದು 2009ರಲ್ಲಿ, ನರ್ಸ್ ಕೆಲಸಕ್ಕೆ ಬಂದ ಹೆಂಡತಿಯ ಹಿಂದೆ. ಚೆಕ್ ಗಡಿ ಪಕ್ಕದ ಎರ್ತ್ಸ್‌ಗೆಬಿರ್ಗೆ ಅನ್ನೋ ಬೆಟ್ಟದ ಸೀಮೆ ಇದು. ಸೈಫೆನ್ ಅಂತ ಊರಿದೆ, ಅದು ಇವರ ಚನ್ನಪಟ್ಟಣ. ಒದ್ದೆ ಸ್ಪ್ರೂಸ್ ಮರದ ದಪ್ಪ ಬಳೆಯನ್ನು ಲೇತಿಗೆ ಕಟ್ಟಿ ಕೊರೆಯುತ್ತಾರೆ. ಕೊರೆಯುವಾಗ ಏನೂ ಕಾಣಲ್ಲ. ಆಮೇಲೆ ಬಳೆಯನ್ನು ಹೋಳು ಹೋಳಾಗಿ ಸೀಳಿದರೆ ಒಂದೊಂದು ಹೋಳೂ ಒಂದೊಂದು ಕುದುರೆ! ಮೊದಲ ಸಲ ನೋಡಿದಾಗ ಅಪ್ಪನನ್ನು ಕರೆದುಕೊಂಡು ಬಂದು ತೋರಿಸಬೇಕು ಅನಿಸಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರ ನಾನೂ ನಮ್ಮ ಕೈ ತೋರಿಸಿದೆ. ಪೆಟ್ಟಿಗೆಯಲ್ಲಿ ಅರಗಿನ ಕಡ್ಡಿ, ಒಂದು ಕಟ್ಟು ತಾಳೆ ಗರಿ ತಂದಿದ್ದೆ. ಒಂದು ಬುಗುರಿ ಕಡೆದು, ತಿರುಗುವ ಮರಕ್ಕೆ ಅರಗು ಒತ್ತಿದೆ. ಬಿಸಿಗೆ ಕರಗಿ ಹಳದಿ ಬಣ್ಣ ಹರಡಿಕೊಂಡಿತು. ಗರಿ ಹಿಡಿದು ಉಜ್ಜಿದೆ, ಹೊಳಪು ಬಂತು. ಅಲ್ಲಿನ ಹಿರಿಯ ಮೈಸ್ಟರ್, ಅಂದರೆ ಕಸುಬಿನ ಗುರು, ಆ ಬುಗುರಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಾರು ಕಲಿಸಿದ್ದು ಅಂದರು. ಅಪ್ಪ ಅಂದೆ. ಅದರ ಸರ್ಟಿಫಿಕೇಟ್ ಎಲ್ಲಿ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲಿ ಎರಡು ಥರದ ಸಂಘ ಇದೆ. ಇನ್ನುಂಗ್ ಅಂದರೆ ಒಂದೇ ಕಸುಬಿನವರ ಕೂಟ, ಸೇರೋದು ಬಿಡೋದು ನಿನ್ನಿಷ್ಟ. ಹಳೇ ಕಾಲದ ಕಸುಬು ಕೂಟಗಳ ಮೊಮ್ಮಗ ಅಂದುಕೋ. ಇನ್ನೊಂದು ಹಾಂಡ್‌ವೆರ್ಕ್ಸ್‌ಕಾಮರ್, ಅಂದರೆ ಎಲ್ಲ ಕಸುಬಿನವರ ಮಂಡಳಿ. ಸ್ವಂತ ಅಂಗಡಿ ಹಾಕಬೇಕಾದರೆ ಅದರ ಪಟ್ಟಿಯಲ್ಲಿ ಹೆಸರು ಇರಲೇಬೇಕು. ದಾರಿ ಹೀಗೆ: ನಮ್ಮ ಕಸುಬಿಗೆ ಮೂರು ವರ್ಷ ಕಲಿಕೆ, ಪರೀಕ್ಷೆ ಪಾಸಾದರೆ ಗೆಸೆಲ್ಲೆ, ಅಂದರೆ ಕಲಿತು ಮುಗಿಸಿದ ಕಸುಬುದಾರ. ಆಮೇಲೆ ನಾಲ್ಕು ಭಾಗದ ಇನ್ನೊಂದು ಪರೀಕ್ಷೆ, ಅದಾದರೆ ಮೈಸ್ಟರ್. ನಾಲ್ಕರಲ್ಲಿ ಒಂದು ಭಾಗ ಹುಡುಗರಿಗೆ ಕಲಿಸೋದು ಹೇಗೆ ಅಂತಲೇ ಇದೆ.

ಇನ್ನು ನನ್ನ ಕತೆ. 2004ರಲ್ಲಿ ಇವರ ಸರ್ಕಾರ ಸುಮಾರು ಕಸುಬುಗಳಿಗೆ ಮೈಸ್ಟರ್ ಕಡ್ಡಾಯ ತೆಗೆದುಹಾಕಿತ್ತು. ಮರ ಕಡೆಯುವವರು, ಮರದ ಗೊಂಬೆ ಮಾಡುವವರು ಅದರಲ್ಲಿದ್ದರು. ಅಂದರೆ ನಾನು ಬಂದಾಗ ಬಾಗಿಲು ತೆರೆದೇ ಇತ್ತು. ಹೆಸರು ಬರೆಸಿ ಬೋರ್ಡ್ ಹಾಕಿದ್ದರೆ ಮುಗೀತಿತ್ತು. 2016ರಲ್ಲಿ ಜಾಗ ಸಿಕ್ಕಿತ್ತು, ಹಳೇ ಲೇತ್ ಕೂಡ ನೋಡಿದ್ದೆ. ತಂಗಿ ಮದುವೆ ಆಗಲಿ ಅಂದೆ. ಆಮೇಲೆ ಊರ ಮನೆಗೆ ತಾರಸಿ ಹಾಕೋಣ ಅಂದೆ. ನಿನಗೆ ಗೊತ್ತಲ್ಲ, ನಮ್ಮ ಕಡೆ ದೊಡ್ಡ ಮಗನಿಗೆ ಮೊದಲು ಯಾವುದು ಬರುತ್ತೆ ಅಂತ. 2020ರ ಫೆಬ್ರವರಿ 14ಕ್ಕೆ ಹನ್ನೆರಡು ಕಸುಬುಗಳಿಗೆ ಮೈಸ್ಟರ್ ಮತ್ತೆ ಕಡ್ಡಾಯ ಆಯಿತು. ನಮ್ಮದೂ ಒಂದು. ಮೊದಲೇ ಅಂಗಡಿ ಹಾಕಿದ್ದವರನ್ನು ಹಾಗೇ ಬಿಟ್ಟರು. ನನ್ನ ಜೊತೆ ಕೆಲಸಕ್ಕಿದ್ದ ಹುಡುಗ 2017ರಲ್ಲೇ ಹೆಸರು ಬರೆಸಿದ್ದ. ದಿನಾ ಬಸ್ಸಿನಿಂದ ಅವನ ಬೋರ್ಡ್ ಕಾಣುತ್ತೆ.

ಆ ಕಾಯ್ದೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಇಲ್ಲಿ ಮೈಸ್ಟರ್ ಪತ್ರವನ್ನು ಡಿಗ್ರಿಯ ಮಟ್ಟಕ್ಕೇ ಇಟ್ಟಿದ್ದಾರೆ. ನಲವತ್ತು ವರ್ಷ ಮರ ಕಡೆದ ನಮ್ಮಪ್ಪನನ್ನು ನಮ್ಮೂರಲ್ಲಿ ಯಾರು ಹಾಗೆ ಕಂಡರು ಹೇಳು? ಮರ ಕಡೆಯುವವನಿಗೆ ಇಲ್ಲಿ ಸಿಗೋ ಮರ್ಯಾದೆ ನೋಡಿ ನನ್ನ ಎದೆ ತುಂಬಿದೆ. ಆದರೆ ಅದು ಕಾಗದ ಇರುವವನಿಗೆ ಜಾಸ್ತಿ.

ನಿನಗೆ ಎರಡು ವರ್ಷದಲ್ಲಿ ಅಂಗಡಿ ಆಗಲ್ಲ ತಮ್ಮ. ಆ ಆಸೆ ಇಟ್ಟುಕೊಂಡು ವಿಮಾನ ಹತ್ತಬೇಡ. ಆದರೆ ಕಲಿಕೆಯ ಅವಧಿಯ ಒಂದೂವರೆ ಪಟ್ಟು, ಅಂದರೆ ನಾಲ್ಕೂವರೆ ವರ್ಷ ಕೆಲಸ ಮಾಡಿದ್ದು ತೋರಿಸಿದರೆ ಗೆಸೆಲ್ಲೆ ಪರೀಕ್ಷೆಗೆ ನೇರವಾಗಿ ಕೂರಬಹುದು. ಹೊರದೇಶದ ಕೆಲಸವನ್ನೂ ಲೆಕ್ಕಕ್ಕೆ ತಗೋತಾರೆ. ನಾನು 2022ರಲ್ಲಿ ಹಾಗೇ ಪಾಸಾದೆ, ಇಲ್ಲಿನ ವರ್ಷ ತೋರಿಸಿ. ಅದಾದ ಮೇಲೆ ಆರು ವರ್ಷ ದುಡಿದು, ಅದರಲ್ಲಿ ನಾಲ್ಕು ವರ್ಷ ಜವಾಬ್ದಾರಿಯ ಜಾಗದಲ್ಲಿ ಇದ್ದರೆ, ಮೈಸ್ಟರ್ ಇಲ್ಲದೆಯೂ ಸ್ವಂತ ಅಂಗಡಿಗೆ ಅರ್ಜಿ ಹಾಕಬಹುದು. ನಾನು 2028ಕ್ಕೆ ಕಾಯುತ್ತಿದ್ದೇನೆ.

ಅಪ್ಪನ ಹತ್ತಿರ ಕಲಿತ ಹದಿನಾಲ್ಕು ವರ್ಷ ಯಾವ ಫೈಲಿನಲ್ಲೂ ಇಲ್ಲ. ಮಗ ಅಪ್ಪನ ಹತ್ತಿರ ಸರ್ಟಿಫಿಕೇಟ್ ಕೇಳೋದು ಹೇಗೆ ಅಂತ ಸುಮ್ನೆ ಇದ್ದುಬಿಟ್ಟೆ. 2014ರಲ್ಲಿ ಅವರು ಹೋದರು.

ನಿನ್ನ ಉಸ್ತಾದರಿಗೆ ವಯಸ್ಸಾಗಿದೆ, ಕೈ ನಡುಗುತ್ತೆ ಅಂತ ಬರೆದಿದ್ದೀಯ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಯಾವ ಕೆಲಸ ಅಂತ ನೀನೇ ಬರೆದುಕೊಂಡು ಹೋಗು. ಓದಿ ಹೇಳು. ಸಹಿ ಹಾಕಿಸಿಕೋ. ಈ ವಾರವೇ ಹೋಗು.